ಮೈಕು ಕುಯ್ ಅಂದಾಗ: ಸಣ್ಣ ಸೌಂಡ್ ಸೆಟ್‌ಗೆ ದೋಷ ನಿವಾರಣೆ ಕೈಪಿಡಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಬಾಡಿಗೆಗೆ ಸಿಗುವ ಸೌಂಡ್ ಸೆಟ್ ಹೆಚ್ಚು ಕಮ್ಮಿ ಒಂದೇ ಥರ. ಎರಡು ಸ್ಪೀಕರ್ ಬಾಕ್ಸು, ಎಂಟು ಚಾನಲ್‌ನ ಮಿಕ್ಸರ್, ನಾಲ್ಕಾರು ವೈರಿನ ಮೈಕು, ಒಂದೋ ಎರಡೋ ಕಾರ್ಡ್‌ಲೆಸ್. ಮನೆಯಂಗಳದ ಚಪ್ಪರದಲ್ಲಿ ಉಪನಯನ ಇರಲಿ, ಸಮುದಾಯ ಭವನದಲ್ಲಿ ಸ್ವಸಹಾಯ ಸಂಘದ ವಾರ್ಷಿಕೋತ್ಸವ ಇರಲಿ, ಸೆಟ್ಟು ಇಷ್ಟೇ. ಅಧ್ಯಕ್ಷರು ಎದ್ದು ನಿಂತು "ಎಲ್ಲರಿಗೂ ನಮಸ್ಕಾರ" ಅನ್ನುವಷ್ಟರಲ್ಲಿ ಕುಯ್ ಅಂತ ಶುರುವಾಗುತ್ತದೆ. ಕೂಡಲೇ ಮಿಕ್ಸರ್ ಹತ್ತಿರ ಕೂತವರ ಕೈ ಟ್ರೆಬಲ್ (ತಾರ ಸ್ವರ ಏರಿಳಿಸುವ) ಗುಂಡಿಗೆ ಹೋಗುತ್ತದೆ.

ಗುಂಡಿ ಮುಟ್ಟಬಾರದು ಅಂತಲ್ಲ. ಅದರ ಸರದಿ ಕೊನೆಗೆ. ಸಣ್ಣ ಸೆಟ್‌ನಲ್ಲಿ ಫೀಡ್‌ಬ್ಯಾಕ್, ಅಂದರೆ ಈ ಕುಯ್ ಅನ್ನುವ ಕೂಗು, ಹೆಚ್ಚಾಗಿ ಹುಟ್ಟುವುದು ಬಾಯಿಂದ ಮೈಕು ಎಷ್ಟು ದೂರ, ಮೈಕಿಂದ ಬಾಕ್ಸು ಎಷ್ಟು ದೂರ, ಯಾವುದರ ಮುಖ ಯಾವ ಕಡೆಗಿದೆ ಅನ್ನುವುದರಲ್ಲಿ. ಅದನ್ನು ಸರಿ ಮಾಡದೆ ಗುಂಡಿ ತಿರುಗಿಸಿದರೆ ಕೂಗು ನಿಲ್ಲಬಹುದು, ಜೊತೆಗೆ ಮಾತೂ ಕೇಳಿಸುವುದಿಲ್ಲ.

ಆಗುವುದಿಷ್ಟು. ಮೈಕು ಹಿಡಿದ ಸದ್ದು ಬಾಕ್ಸಿನಿಂದ ಹೊರಗೆ ಬರುತ್ತದೆ, ಗಾಳಿಯಲ್ಲಿ ತಿರುಗಿ ಬಂದು ಅದೇ ಮೈಕಿಗೆ ಬೀಳುತ್ತದೆ. ಒಂದು ಸುತ್ತು ಮುಗಿಸಿ ಬಂದಾಗ ಅದು ಮೊದಲಿನಷ್ಟೇ ಅಥವಾ ಮೊದಲಿಗಿಂತ ಜೋರಾಗಿದ್ದರೆ ಸುತ್ತು ಸುತ್ತಿಗೂ ಬೆಳೆಯುತ್ತಾ ಹೋಗುತ್ತದೆ. ಎಲ್ಲ ಸ್ವರವೂ ಒಟ್ಟಿಗೆ ಬೆಳೆಯುವುದಿಲ್ಲ. ಆ ಜಾಗ, ಆ ಮೈಕು, ಆ ಬಾಕ್ಸು ಮೂರೂ ಸೇರಿ ಯಾವ ಸ್ವರವನ್ನು ಎತ್ತಿ ಹಿಡಿಯುತ್ತವೋ ಅದು ಮೊದಲು ಕೂಗುತ್ತದೆ. ಒಂದು ಹಾಲ್‌ನಲ್ಲಿ ಸಿಳ್ಳೆ, ಇನ್ನೊಂದರಲ್ಲಿ ಹೂಂಕಾರ ಕೇಳುವುದು ಇದಕ್ಕೇ.

ಇದು ಫೀಡ್‌ಬ್ಯಾಕೇ ಹೌದಾ?

ಎಲ್ಲ ಮೈಕಿನ ಚಾನಲ್‌ಗಳನ್ನೂ ಮ್ಯೂಟ್ ಮಾಡಿ. ಸದ್ದು ನಿಂತರೆ ಫೀಡ್‌ಬ್ಯಾಕ್, ಮುಂದೆ ಓದಿ.

ನಿಲ್ಲದೆ "ಗುಂ" ಅಂತ ಒಂದೇ ಸಮ ಕೇಳುತ್ತಿದ್ದರೆ ಅದು ಕರೆಂಟಿನ ಹಮ್. ನಮ್ಮ ಕರೆಂಟು 50 ಹರ್ಟ್ಜ್‌ನದು, ಅದರ ಸದ್ದು ಮಂದ್ರದಲ್ಲಿ ಗುಂಯ್‌ಗುಡುತ್ತದೆ. ಮಿಕ್ಸರ್ ಒಂದು ಪ್ಲಗ್ಗಿಂದ, ಲ್ಯಾಪ್‌ಟಾಪ್ ಇನ್ನೊಂದು ಮೂಲೆಯ ಪ್ಲಗ್ಗಿಂದ ಕರೆಂಟು ತೆಗೆದುಕೊಂಡಾಗ ಇದು ಜಾಸ್ತಿ. ಎರಡನ್ನೂ ಒಂದೇ ಬೋರ್ಡಿಗೆ ತನ್ನಿ, ಅರ್ತಿಂಗ್ ನೋಡಿ. ಅರ್ತ್ ಪಿನ್ ಕಿತ್ತು ಹಾಕುವ ಉಪಾಯ ಬೇಡ. ಮಳೆಗಾಲದ ಒದ್ದೆ ನೆಲದ ಮೇಲೆ ನಿಂತು ಮೈಕು ಹಿಡಿದವರ ಜೀವದ ಪ್ರಶ್ನೆ ಅದು.

ಮ್ಯೂಟ್ ಮಾಡಿದ ಮೇಲೂ ಕಿರುಚುತ್ತಿದ್ದರೆ ಅಥವಾ "ಟಂ, ಟಂ, ಟಂ" ಅಂತ ಮರುಕಳಿಸುತ್ತಿದ್ದರೆ ವೈರಿನೊಳಗೇ ಸುತ್ತು ಬಿದ್ದಿದೆ ಅಂತ ಅರ್ಥ. ಈಗ ಎಲ್ಲ ಕಾರ್ಯಕ್ರಮಕ್ಕೂ ಯೂಟ್ಯೂಬ್ ಲೈವ್ ಇರುತ್ತದೆ ಅಲ್ವಾ? ಲ್ಯಾಪ್‌ಟಾಪ್ ಮಿಕ್ಸರ್‌ನಿಂದ ಸೌಂಡ್ ತೆಗೆದುಕೊಳ್ಳುತ್ತದೆ. ಪ್ರಾರ್ಥನೆಯ ಹಾಡು ಹಾಕಲು ಅದೇ ಲ್ಯಾಪ್‌ಟಾಪ್‌ನಿಂದ ಇನ್ನೊಂದು ವೈರು ಮಿಕ್ಸರ್‌ಗೆ ಬಂದಿರುತ್ತದೆ. ಹೋದದ್ದೇ ಮರಳಿ ಬರುತ್ತದೆ. ಹಾಡು ಮುಗಿದ ಕೂಡಲೇ ಆ ಚಾನಲ್ ಇಳಿಸಿ.

ಯಾವ ಮೈಕು, ಯಾವ ಬಾಕ್ಸು

ಮಾಸ್ಟರ್ (ಒಟ್ಟು ಸೌಂಡಿನ ಗುಂಡಿ) ಇಳಿಸಿ ಕೂಗು ನಿಲ್ಲಿಸಿ. ನಂತರ ನಿಧಾನಕ್ಕೆ ಏರಿಸುತ್ತಾ, ಮಾತಿನ ಕೊನೆಯಲ್ಲಿ ಸಣ್ಣಗೆ "ಈಂ..." ಅಂತ ಬಾಲ ಎಳೆಯುವ ಜಾಗಕ್ಕೆ ತನ್ನಿ. ಅಲ್ಲಿ ನಿಲ್ಲಿಸಿ ಒಂದೊಂದೇ ಮೈಕಿನ ಫೇಡರ್ (ಜಾರುವ ಸೌಂಡ್ ಗುಂಡಿ) ಪೂರ್ತಿ ಇಳಿಸಿ ನೋಡಿ. ಯಾವುದನ್ನು ಇಳಿಸಿದಾಗ ಬಾಲ ತುಂಡಾಗುತ್ತದೋ ಅದೇ ಮುಖ್ಯ ಆರೋಪಿ. ಅದನ್ನು ಮತ್ತೆ ಮೊದಲಿನ ಜಾಗಕ್ಕೆ ಏರಿಸಿ, ಈಗ ಆ ಚಾನಲ್‌ನಿಂದ ಸ್ಟೇಜ್ ಮಾನಿಟರ್‌ಗೆ (ವೇದಿಕೆಯವರಿಗೇ ಕೇಳಲು ಇಡುವ ಬಾಕ್ಸಿಗೆ) ಸದ್ದು ಕಳಿಸುವ ಆಕ್ಸ್ ಗುಂಡಿ ಇಳಿಸಿ. ನಿಂತರೆ ತೊಂದರೆ ಮಾನಿಟರ್‌ನದು, ನಿಲ್ಲದಿದ್ದರೆ ಜನರ ಕಡೆಗಿರುವ ಬಾಕ್ಸಿನದು.

ಹೀಗೆ ಹುಡುಕಿದಾಗ ಸಿಕ್ಕಿ ಬೀಳುವುದು ಎಷ್ಟೋ ಸಲ ಯಾರೂ ಮಾತಾಡದ ಮೈಕು. ಪ್ರಾರ್ಥನೆ ಹಾಡಿದ ಹುಡುಗಿಯರು ಇಳಿದು ಹೋಗಿರುತ್ತಾರೆ, ಅವರ ಎರಡು ಮೈಕು ಪಕ್ಕದಲ್ಲಿ ಹಾಗೇ ತೆರೆದಿರುತ್ತವೆ. ತೆರೆದ ಮೈಕುಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ ಕೂಗುವ ಮೊದಲು ಸಿಗುವ ಜೋರು ಸುಮಾರು 3 ಡೆಸಿಬೆಲ್ (ಸದ್ದಿನ ಜೋರಿನ ಅಳತೆ) ಕಡಿಮೆಯಾಗುತ್ತದೆ. ಒಂದರ ಬದಲು ನಾಲ್ಕು ಮೈಕು ಸುಮ್ನೆ ತೆರೆದಿಟ್ಟರೆ 6 ಡೆಸಿಬೆಲ್ ಕೈಬಿಟ್ಟ ಹಾಗೆ. ಇದಕ್ಕೆ ಯಾವ ಯಂತ್ರವೂ ಬೇಡ, ಮಿಕ್ಸರ್ ಮೇಲೆ ಕಣ್ಣಿಟ್ಟ ಒಬ್ಬ ಮನುಷ್ಯ ಸಾಕು. ಮತ್ತೂರು, ಹೊಸಹಳ್ಳಿಯ ಗಮಕ ವಾಚನ ಈ ಕಡೆ ಹೆಸರುವಾಸಿ. ಅಂಥ ಕಾರ್ಯಕ್ರಮದಲ್ಲಿ ವಾಚನ ಮಾಡುವವರು, ವ್ಯಾಖ್ಯಾನ ಹೇಳುವವರು ಅಕ್ಕಪಕ್ಕ ಕೂತಿರುತ್ತಾರೆ. ಪದ್ಯ ನಡೆಯುವಾಗ ವ್ಯಾಖ್ಯಾನದ ಮೈಕನ್ನು ಅರ್ಧಕ್ಕಿಳಿಸಿ, ಅರ್ಥ ಹೇಳುವಾಗ ವಾಚನದ ಮೈಕು ಇಳಿಸಿ ವ್ಯಾಖ್ಯಾನದ್ದನ್ನು ಏರಿಸಿ. ಪೂರ್ತಿ ಮುಚ್ಚಬೇಡಿ. ಅವರು ಯಾವಾಗ ಬಾಯಿ ಹಾಕುತ್ತಾರೋ ಹೇಳಲು ಬರುವುದಿಲ್ಲ.

ದೂರದ ಲೆಕ್ಕ

ಬಾಯಿ ಮತ್ತು ಮೈಕಿನ ನಡುವಿನ ದೂರ ಅರ್ಧ ಮಾಡಿದರೆ ಮೈಕಿಗೆ ಬೀಳುವ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ. 20 ಸೆಂಟಿಮೀಟರ್ ದೂರದ ಮೈಕನ್ನು 5 ಸೆಂಟಿಮೀಟರ್‌ಗೆ ತಂದರೆ 12 ಡೆಸಿಬೆಲ್ ಪುಕ್ಕಟೆ. ಅಷ್ಟು ಗೇನ್ (ಮಿಕ್ಸರ್ ಮೈಕಿನ ಸದ್ದನ್ನು ಹಿಗ್ಗಿಸುವ ಮಟ್ಟ) ಇಳಿಸಬಹುದು, ಕೂಗೂ ಅಷ್ಟೇ ಇಳಿಯುತ್ತದೆ. ಈ ಕೈಪಿಡಿಯಲ್ಲಿ ಇದಕ್ಕಿಂತ ದೊಡ್ಡ ಔಷಧಿ ಬೇರೆ ಇಲ್ಲ.

ಆದರೆ ಔಷಧಿ ಕುಡಿಸುವುದು ಕಷ್ಟ. ಭಾಷಣಕ್ಕೆ ನಿಂತವರು ಮೈಕನ್ನು ಎದೆ ಮಟ್ಟದಲ್ಲಿ ಹಿಡಿದು, ಮುಖವನ್ನು ಸಭೆಗೂ ವೇದಿಕೆಗೂ ತಿರುಗಿಸುತ್ತಾ ಮಾತಾಡುತ್ತಾರೆ. ಮಿಕ್ಸರ್‌ನಿಂದ ಕೈಸನ್ನೆ ಮಾಡಿದರೆ ಅವರಿಗೆ ಕಾಣಿಸುವುದಿಲ್ಲ. ಮಾತು ಶುರುವಾಗುವ ಮುಂಚೆ ಹೋಗಿ "ರಾಯರೇ, ಮೈಕು ಗಲ್ಲಕ್ಕೆ ತಾಗೋ ಹಾಗೆ ಹಿಡ್ಕೊಳ್ಳಿ, ನಾಲ್ಕು ಬೆರಳು ಜಾಗ ಸಾಕು" ಅಂತ ಹೇಳಿ ಬಂದರೆ ಅರ್ಧ ಕೆಲಸ ಮುಗಿಯಿತು. ಎತ್ತರ ಕಮ್ಮಿ ಇರುವವರಿಗೆ ಸ್ಟ್ಯಾಂಡ್ ಇಳಿಸಿ ಕೊಡಲು ಒಬ್ಬ ಹುಡುಗ ವೇದಿಕೆ ಪಕ್ಕದಲ್ಲೇ ಇರಲಿ.

ಶಾಲಾ ವಾರ್ಷಿಕೋತ್ಸವದ ನಾಟಕಕ್ಕೆ ಮೇಲಿಂದ ಮೈಕು ಇಳಿಬಿಡುವ ಪದ್ಧತಿ ಇನ್ನೂ ಇದೆ. ಹತ್ತು ಸೆಂಟಿಮೀಟರ್‌ನಲ್ಲಿ ಇರಬೇಕಾದದ್ದು ಎರಡು ಮೀಟರ್ ಮೇಲಿದ್ದರೆ 26 ಡೆಸಿಬೆಲ್ ನಷ್ಟ. ಮಕ್ಕಳ ದನಿ ಮೊದಲೇ ಸಣ್ಣದು. ಅಷ್ಟನ್ನು ಗೇನ್‌ನಿಂದ ತುಂಬಲು ಹೋದರೆ ಮೈಕು ಮಕ್ಕಳಿಗಿಂತ ಮುಂಚೆ ಮಾತಾಡುತ್ತದೆ. ನನ್ನ ಕೇಳಿದರೆ ಇಳಿಬಿಟ್ಟ ಮೈಕನ್ನು ತೆಗೆದುಬಿಡಿ. ವೇದಿಕೆಯ ಮುಂದಿನ ಅಂಚಿನಲ್ಲಿ, ನೆಲಕ್ಕೆ ಸಮೀಪ ಎರಡು ಮೈಕಿಟ್ಟು, ಮುಖ್ಯ ಮಾತುಗಳನ್ನು ಮುಂದೆ ಬಂದು ಹೇಳಿ ಅಂತ ಮೇಷ್ಟ್ರ ಹತ್ತಿರ ಮೊದಲೇ ಒಪ್ಪಿಸಿ.

ಬಾಕ್ಸಿನ ದೂರಕ್ಕೂ ಇದೇ ಲೆಕ್ಕ, ಆದರೆ ಬಯಲಲ್ಲಿ ಮಾತ್ರ. ಅಡಿಕೆ ಒಣಗಿಸುವ ಅಂಗಳದಲ್ಲಿ ಬಾಕ್ಸನ್ನು ಮೈಕಿಂದ ಎರಡು ಮೀಟರ್‌ನ ಬದಲು ನಾಲ್ಕು ಮೀಟರ್ ದೂರ ಇಟ್ಟರೆ ಚೆನ್ನಾಗಿ ಲಾಭ ಇದೆ. ಹಾಲ್ ಒಳಗೆ ಸ್ವಲ್ಪ ದೂರ ಆದ ಮೇಲೆ ಗೋಡೆಗೆ ಬಡಿದು ಬರುವ ಸದ್ದೇ ಎಲ್ಲ ಕಡೆ ತುಂಬಿರುತ್ತದೆ. ಅಲ್ಲಿ ಬಾಕ್ಸನ್ನು ಇನ್ನೆರಡು ಮೀಟರ್ ಆಚೆ ಎಳೆದು ಪ್ರಯೋಜನ ಕಡಿಮೆ, ಅದರ ಮುಖ ಯಾವ ಕಡೆಗಿದೆ ಅನ್ನುವುದೇ ಮುಖ್ಯ. ಬಾಕ್ಸು ಯಾವಾಗಲೂ ಮೈಕಿನ ಸಾಲಿಗಿಂತ ಮುಂದೆ ಇರಬೇಕು, ಸ್ಟ್ಯಾಂಡ್ ಮೇಲೆ ಜನರ ತಲೆಗಿಂತ ಎತ್ತರ ಇರಬೇಕು, ಮುಖ ಹಿಂದಿನ ಸಾಲಿನ ಜನರ ಕಡೆಗಿರಬೇಕು. ಖಾಲಿ ಗೋಡೆಗೆ ನೇರ ಹೊಡೆಯಬಾರದು. ಚಪ್ಪರ ಇಕ್ಕಟ್ಟು, ಬಾಕ್ಸ್ ಪುರೋಹಿತರ ಹಿಂದೆಯೇ ಇಡಬೇಕು ಅಂದಾಗ ಒಂದು ಸಣ್ಣ ಬಾಕ್ಸನ್ನು ಊಟದ ಕಡೆಯ ಜನರ ಹತ್ತಿರ ಹಾಕಿ, ಎರಡನ್ನೂ ಮೆಲ್ಲಗಿಡಿ. ಒಂದೇ ಬಾಕ್ಸಲ್ಲಿ ಊರಿಗೆಲ್ಲ ಕೇಳಿಸುವ ಹಟದಿಂದಲೇ ಕೂಗು ಬರುವುದು.

ಮೈಕಿನ ಬೆನ್ನು

ಕೈಮೈಕುಗಳಲ್ಲಿ ಹೆಚ್ಚಿನವು ಕಾರ್ಡಿಯಾಯ್ಡ್. ಎದುರಿನ ಸದ್ದು ಜಾಸ್ತಿ ಹಿಡಿಯುತ್ತವೆ, ನೇರ ಹಿಂದಿನದನ್ನು ಅತಿ ಕಡಿಮೆ. 1966ರಿಂದ ಮಾರುಕಟ್ಟೆಯಲ್ಲಿರುವ ಶೂರ್ ಎಸ್‌ಎಂ58 ಈ ಜಾತಿ. ಅದಕ್ಕೆ ಮಾನಿಟರ್ ಇಡುವ ಜಾಗ ಹಾಡುವವರ ನೇರ ಮುಂದೆ, ಮೈಕಿನ ಬೆನ್ನಿಗೆ. ಸೂಪರ್‌ಕಾರ್ಡಿಯಾಯ್ಡ್ ಮೈಕಿಗೆ ಹಾಗಲ್ಲ. ಅದು ನೇರ ಹಿಂದಿನ ಸದ್ದನ್ನು ಸ್ವಲ್ಪ ಹಿಡಿಯುತ್ತದೆ. ಅದರ ಕಿವುಡು ಭಾಗ ಮುಖದಿಂದ ಸುಮಾರು 125 ಡಿಗ್ರಿಯಲ್ಲಿ, ಅಂದರೆ ಹಿಂದೆ ಎಡಕ್ಕೂ ಬಲಕ್ಕೂ ಓರೆಯಾಗಿ. ಮಾನಿಟರ್ ಆ ಓರೆಗೆ ಬರಬೇಕು. ಮೈಕಿನ ಮೇಲೆ ಅಥವಾ ಪೆಟ್ಟಿಗೆಯ ಮೇಲೆ ಅದರ ಜಾತಿಯ ಚಿತ್ರ ಇರುತ್ತದೆ. ನೋಡಿಕೊಂಡು ಇಡಿ.

ಈ ಕಿವುಡುತನ ಬರುವುದು ಮೈಕಿನ ಜಾಲರಿಯ ಹಿಂಭಾಗದಿಂದ ಒಳಗೆ ಹೋಗುವ ಸದ್ದಿನಿಂದ. ಆರ್ಕೆಸ್ಟ್ರಾ ಹುಡುಗರು ಸ್ಟೈಲಿಗೆ ಜಾಲರಿಯನ್ನೇ ಮುಷ್ಟಿಯಲ್ಲಿ ಹಿಡಿಯುತ್ತಾರೆ ನೋಡಿ, ಆಗ ಆ ದಾರಿ ಮುಚ್ಚಿ ಮೈಕು ಎಲ್ಲ ದಿಕ್ಕಿನದನ್ನೂ ಹಿಡಿಯಲು ಶುರುಮಾಡುತ್ತದೆ. ಕುಯ್ ಅಂದ ಕೂಡಲೇ ಗಾಬರಿಯಲ್ಲಿ ಮೈಕಿನ ಬಾಯಿಗೆ ಕೈ ಅಡ್ಡ ಇಡುವವರದೂ ಇದೇ ಕಥೆ. ಸದ್ದು ನಿಲ್ಲುವ ಬದಲು ಇನ್ನೂ ಜೋರಾಗುತ್ತದೆ. ಜಾಲರಿಗೆ ಸುತ್ತಿದ ಟೇಪು, ಒಳಗಿನ ಫೋಮ್ ಮೇಲಿನ ಧೂಳು, ಬೂಷ್ಟು ಕೂಡ ಅದೇ ಕೆಲಸ ಮಾಡುತ್ತವೆ. ಮಲೆನಾಡಿನ ಮಳೆಗಾಲದಲ್ಲಿ ಫೋಮ್ ಒಣಗುವುದೇ ಇಲ್ಲ. ಒದ್ದೆ ಫೋಮ್ ದನಿಯ ಚುರುಕನ್ನು ನುಂಗುತ್ತದೆ, ನೀವು ಟ್ರೆಬಲ್ ಏರಿಸುತ್ತೀರಿ, ಸಿಳ್ಳೆ ಶುರು. ಜಾಲರಿ ತಿರುಚಿ ಬಿಚ್ಚಿ, ಫೋಮ್ ಬೇರೆ ತೆಗೆದು ಸೋಪಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಿ. ಮೈಕಿನ ಒಳಗಿನ ಭಾಗಕ್ಕೆ ನೀರು ತಾಗಬಾರದು.

ಕಾಲರ್ ಮೈಕುಗಳಲ್ಲಿ ಹೆಚ್ಚಿನವು ಎಲ್ಲ ದಿಕ್ಕಿನದನ್ನೂ ಸಮನಾಗಿ ಹಿಡಿಯುವಂಥವು. ರೆಕಾರ್ಡಿಂಗ್‌ಗೆ ಒಳ್ಳೆಯವು, ಸಣ್ಣ ಹಾಲ್‌ನ ಸ್ಪೀಕರ್‌ಗೆ ಅಲ್ಲ.

ತಾಳಮದ್ದಲೆ, ಮಳೆ, ತಗಡು

ಯಕ್ಷಗಾನ ಮೇಳಗಳ ತಿರುಗಾಟ ಮುಗಿದು ಮಳೆ ಹಿಡಿದ ಮೇಲೆ, ವೇಷ ಕುಣಿತ ಇಲ್ಲದೆ ಕೂತೇ ನಡೆಸುವ ತಾಳಮದ್ದಲೆ ಶುರು. ಸೌಂಡ್ ಮಾಡುವವರಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಇಲ್ಲ. ಪದ ಹಾಡುವ ಭಾಗವತರು, ಮದ್ದಲೆ, ಚೆಂಡೆ ನಡುವೆ ಹಿಂದೆ. ಪಾತ್ರಗಳ ಮಾತಾಡುವ ಅರ್ಥಧಾರಿಗಳು ಎರಡೂ ಬದಿಯಲ್ಲಿ ಎದುರುಬದುರು ಕೂತಿರುತ್ತಾರೆ. ಆರೇಳು ಮೈಕು, ಎಲ್ಲವೂ ಗಿಡ್ಡ ಸ್ಟ್ಯಾಂಡ್ ಮೇಲೆ. ಮೇಲೆ ತಗಡಿನ ಸೂರು.

ಇಲ್ಲಿ ಮೈಕುಗಳ ಬೆನ್ನು ಯಾವ ಕಡೆಗಿದೆ ಅಂತ ಕೂತು ನೋಡಿ. ಎಡಸಾಲಿನವರ ಮೈಕು ಎಡಕ್ಕೆ ಮುಖ ಮಾಡಿದೆ, ಬಲಸಾಲಿನದು ಬಲಕ್ಕೆ. ಎರಡರ ಬೆನ್ನೂ ನಡುವಿನ ಖಾಲಿ ಜಾಗಕ್ಕೆ ತಿರುಗಿವೆ. ಭಾಗವತರ ಮೈಕಿನ ಬೆನ್ನೂ ಅಲ್ಲಿಗೇ. ಹಾಗಾಗಿ ಮಾನಿಟರ್ ಬೇಕೇ ಬೇಕು ಅಂದರೆ ಆ ನಡುವಿನ ಜಾಗದಲ್ಲಿ, ಜಮಖಾನದ ಮೇಲೆ ಎರಡು ಸಣ್ಣ ಬಾಕ್ಸುಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಇಡಿ. ಒಂದು ಎಡಸಾಲಿಗೆ, ಒಂದು ಬಲಸಾಲಿಗೆ. ಅದಕ್ಕೆ ಭಾಗವತರ ಪದ ಮಾತ್ರ ಕೊಡಿ. ಎದುರಿನವರ ಅರ್ಥ ಎರಡು ಮಾರು ದೂರದಿಂದ ಹಾಗೇ ಕೇಳುತ್ತದೆ. ಚೆಂಡೆಗೆ ಮೈಕು ಬೇಡವೇ ಬೇಡ. ಅದು ಉಳಿದೆಲ್ಲ ಮೈಕಿನಲ್ಲೂ ಬೀಳುತ್ತಲೇ ಇರುತ್ತದೆ.

ಜನರ ಕಡೆಯ ಬಾಕ್ಸುಗಳು ಅರ್ಥಧಾರಿಗಳ ಪಕ್ಕದ ಮೂಲೆಯಲ್ಲೇ ಇದ್ದರೆ ಅವರ ಮೈಕಿನ ಕಿವಿಗೇ ಹೇಳಿದಂತೆ. ಮುಂದಕ್ಕೂ ಹೊರಕ್ಕೂ ಐದಾರು ಅಡಿ ಸರಿಸಿ.

ಇನ್ನು ಮಳೆ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ಮೀರಿ ಮಳೆ ಬೀಳುವ ಆಗುಂಬೆ ಕಡೆ ತಗಡಿನ ಮೇಲೆ ಅದು ಬಡಿಯಲು ಶುರುವಾದರೆ ಪಕ್ಕದವರ ಮಾತೂ ಕೇಳುವುದಿಲ್ಲ. "ಸೌಂಡ್ ಕೊಡ್ರೋ" ಅಂತ ಹಿಂದಿನಿಂದ ಕೂಗು ಬರುತ್ತದೆ. ಆಗ ಮಾಸ್ಟರ್ ಏರಿಸುವುದು ಸೋಲುವ ಆಟ. ಮಳೆಗೆ ಸಮ ನಿಲ್ಲುವಷ್ಟು ಏರಿಸುವ ಮೊದಲೇ ಮೈಕು ಕೂಗುತ್ತದೆ. ಮಳೆಗಾಲದ ಕಾರ್ಯಕ್ರಮಕ್ಕೆ ಮೊದಲೇ ಎರಡು ಬಾಕ್ಸ್ ಜಾಸ್ತಿ ತಂದು ಹಾಲ್‌ನ ಮಧ್ಯದ ಕಂಬಗಳಿಗೆ, ಜನರಿಗೆ ಹತ್ತಿರವಾಗಿ, ಹಿಂದಕ್ಕೆ ಮುಖ ಮಾಡಿ ಕಟ್ಟಿ. ಬೇಕಾದಾಗ ಅವನ್ನು ಮಾತ್ರ ಏರಿಸಬಹುದು. ಅಡಿಕೆ ಸೋಗೆಯ ಚಪ್ಪರದಲ್ಲಿ ಈ ರಗಳೆ ಇಲ್ಲ. ಸೋಗೆ ಸದ್ದನ್ನು ತಗಡಿನ ಹಾಗೆ ವಾಪಸ್ ಎಸೆಯುವುದಿಲ್ಲ. ಗ್ರಾನೈಟ್ ನೆಲ, ಗ್ಲಾಸು ಕಿಟಕಿಯ ಹೊಸ ಸಮುದಾಯ ಭವನಗಳೇ ಎಲ್ಲಕ್ಕಿಂತ ಕಷ್ಟ. ವೇದಿಕೆ ಹಿಂದಿನ ಗೋಡೆಗೆ ಫ್ಲೆಕ್ಸ್ ಬದಲು ದಪ್ಪ ಬಟ್ಟೆಯ ಪರದೆ ಮಡಿಕೆ ಮಡಿಕೆಯಾಗಿ ಕಟ್ಟಿಸಿದರೆ ಸ್ವಲ್ಪ ಉಸಿರಾಡಬಹುದು.

ಎಕೋ ಗುಂಡಿ

ನಿರೂಪಕರಿಗೂ ಹಾಡುವವರಿಗೂ ಎಕೋ ಅಂದರೆ ಪ್ರಾಣ. ಎಕೋ ಅಂದರೆ ಅದೇ ದನಿಯನ್ನು ಮತ್ತೆ ಮತ್ತೆ ಸೇರಿಸುವುದು, ಅಂದರೆ ಸುತ್ತಿಗೆ ಇನ್ನಷ್ಟು ಬಲ ಕೊಡುವುದು. ಭಾಷಣದಲ್ಲಿ ಪೂರ್ತಿ ತೆಗೆಯಿರಿ. ಹಾಡಿಗೆ ಬೇಕಾದರೆ ಜನರ ಬಾಕ್ಸಿಗೆ ಮಾತ್ರ ಕೊಡಿ, ಮಾನಿಟರ್‌ಗೆ ಒಂದು ಹನಿಯೂ ಬೇಡ.

ಈಗ ಈಕ್ವಲೈಜರ್

ಜಾಗ, ದಿಕ್ಕು, ದೂರ ಎಲ್ಲ ಸರಿ ಮಾಡಿದ ಮೇಲೂ ಸಾಕಷ್ಟು ಜೋರು ಸಿಗದಿದ್ದರೆ ಮಾತ್ರ ಇಲ್ಲಿಗೆ ಬನ್ನಿ. ಮೊದಲು ಎಲ್ಲ ಮಾತಿನ ಮೈಕಿಗೂ 100 ಹರ್ಟ್ಜ್ ಸುತ್ತಲಿನ ಲೋ ಕಟ್ (ಅದಕ್ಕಿಂತ ಕೆಳಗಿನ ಮಂದ್ರ ಸದ್ದು ಕತ್ತರಿಸುವ ಗುಂಡಿ) ಒತ್ತಿ. ಬೆಂಚು ಜೋಡಿಸಿ ಹಲಗೆ ಹಾಸಿದ ವೇದಿಕೆ ಟೊಳ್ಳು. ಬಾಕ್ಸ್ ಅದರ ಮೇಲಿದ್ದರೆ ಹಲಗೆ ನಡುಗಿ, ಸ್ಟ್ಯಾಂಡ್ ಮೂಲಕ ಮೈಕಿಗೆ "ಬುಂ" ಅಂತ ಏರುತ್ತದೆ. ಲೋ ಕಟ್ ಜೊತೆ ಸ್ಟ್ಯಾಂಡ್ ಕಾಲಿಗೆ ಗೋಣಿಚೀಲವನ್ನೋ ಫೋಮನ್ನೋ ಮಡಚಿ ಹಾಕಿ, ಬಾಕ್ಸನ್ನು ನೆಲಕ್ಕಿಳಿಸಿ.

ಕೂಗಿನ ಸ್ವರ ಕಿವಿಯಿಂದಲೇ ಅಂದಾಜು ಮಾಡಬಹುದು. "ಊ" ಅಂದರೆ 250ರಿಂದ 500 ಹರ್ಟ್ಜ್, "ಆ" ಅಂದರೆ 1000ದ ಆಸುಪಾಸು, "ಈ" ಅಂತ ಸಿಳ್ಳೆ ಹಾಕಿದರೆ 2000ದಿಂದ 4000. ಅನುಮಾನ ಇದ್ದರೆ ಮೊಬೈಲ್‌ನಲ್ಲಿ ಸ್ಪೆಕ್ಟ್ರಮ್ ತೋರಿಸುವ ಉಚಿತ ಆಪ್ ಹಾಕಿಕೊಳ್ಳಿ. ಕೂಗುವ ಸ್ವರ ಕೋಲಿನ ಹಾಗೆ ಎದ್ದು ಕಾಣುತ್ತದೆ.

ಟ್ರೆಬಲ್ ಗುಂಡಿ ಯಾಕೆ ಕೆಲಸಕ್ಕೆ ಬರುವುದಿಲ್ಲ ಅನ್ನುವುದು ಈಗ ಗೊತ್ತಾಗುತ್ತದೆ. ಸಣ್ಣ ಮಿಕ್ಸರ್‌ಗಳಲ್ಲಿ ಟ್ರೆಬಲ್ ಕೂತಿರುವುದು ಸಾಮಾನ್ಯವಾಗಿ 10,000–12,000 ಹರ್ಟ್ಜ್ ಮೇಲೆ. ನಿಮ್ಮ ಸಿಳ್ಳೆ ಇರುವುದು 2500ರಲ್ಲಿ. ಅಲ್ಲಿಗೆ ತಾಗುವುದು ಮಿಡ್ ಗುಂಡಿ. ಅದೂ ಅಗಲ ಜಾಸ್ತಿ, ಸ್ವಲ್ಪವೇ ಇಳಿಸಿ.

ಸ್ವರಗಳನ್ನು 31 ಬ್ಯಾಂಡ್ (ಪಟ್ಟಿ) ಮಾಡಿ ಒಂದೊಂದನ್ನೇ ಏರಿಳಿಸುವ ಗ್ರಾಫಿಕ್ ಈಕ್ವಲೈಜರ್ ಇದ್ದರೆ ಜನ ಬರುವ ಮುಂಚೆ ಹೀಗೆ ಮಾಡಿ. ಕಾರ್ಯಕ್ರಮದಲ್ಲಿ ತೆರೆದಿರುವಷ್ಟು ಮೈಕು ತೆರೆದಿಟ್ಟು ಮಾಸ್ಟರ್ ನಿಧಾನಕ್ಕೆ ಏರಿಸಿ. ಮೊದಲ ಸ್ವರ ಬಾಲ ಎಳೆದಾಗ ಆ ಬ್ಯಾಂಡನ್ನು 3 ಡೆಸಿಬೆಲ್ ಇಳಿಸಿ. ಮತ್ತೆ ಏರಿಸಿ, ಮುಂದಿನದನ್ನು ಹಿಡಿಯಿರಿ. ನಾಲ್ಕೈದು ಬ್ಯಾಂಡಿಗೆ ನಿಲ್ಲಿಸಿ. ಅದಕ್ಕಿಂತ ಹೆಚ್ಚು ಇಳಿಸಬೇಕಾಗಿ ಬಂದರೆ ಬಾಕ್ಸು, ಮೈಕು ಇನ್ನೂ ಸರಿಯಾದ ಜಾಗದಲ್ಲಿಲ್ಲ. ಕೊನೆಗೆ ಮಾಸ್ಟರನ್ನು ಕೂಗುವ ಮಟ್ಟದಿಂದ 6 ಡೆಸಿಬೆಲ್ ಕೆಳಗಿಟ್ಟು ಬಿಡಿ. ಖಾಲಿ ಹಾಲ್‌ನಲ್ಲಿ ಮಾಡಿದ್ದು, ಜನ ತುಂಬಿದ ಮೇಲೆ ಸ್ವಲ್ಪ ಸಲೀಸಾಗುತ್ತದೆ.

ಡಿಜಿಟಲ್ ಮಿಕ್ಸರ್‌ನವರಿಗೆ ಒಂದು ಮಾತು. ಅದರಲ್ಲಿ ಸೂಜಿಯಷ್ಟು ಕಿರಿದಾಗಿ ಕತ್ತರಿಸಬಹುದು, ಮಾತು ಕೆಡುವುದಿಲ್ಲ. ಆದರೆ ಗಾಳಿ ತಣ್ಣಗಾದ ಹಾಗೆ ಶಬ್ದದ ವೇಗ ಕಡಿಮೆಯಾಗುತ್ತದೆ, ಪ್ರತಿ ಡಿಗ್ರಿಗೆ ಸೆಕೆಂಡಿಗೆ ಸುಮಾರು 0.6 ಮೀಟರ್. ಡಿಸೆಂಬರ್‌ನ ಬಯಲಾಟದಲ್ಲಿ ಸಂಜೆ 28 ಡಿಗ್ರಿ ಇದ್ದದ್ದು ಬೆಳಗಿನ ಜಾವ 16ಕ್ಕೆ ಇಳಿದರೆ ಕೂಗುವ ಸ್ವರ ಶೇಕಡಾ 2ರಷ್ಟು ಕೆಳಗೆ ಸರಿಯುತ್ತದೆ. 3150ರಲ್ಲಿ ಕೂಗುತ್ತಿದ್ದದ್ದು 3085ರ ಹತ್ತಿರ ಬರುತ್ತದೆ. ಗ್ರಾಫಿಕ್ ಬ್ಯಾಂಡಿನ ಅಗಲಕ್ಕೆ ಇದು ಲೆಕ್ಕಕ್ಕಿಲ್ಲ, ಸೂಜಿ ಕತ್ತರಿಗೆ ಮಾತ್ರ ಗುರಿ ತಪ್ಪುತ್ತದೆ. ರಾತ್ರಿ ಪೂರ್ತಿ ನಡೆಯುವ ಆಟಕ್ಕೆ ಸ್ವಲ್ಪ ಅಗಲವಾಗಿಯೇ ಕತ್ತರಿಸಿ.

ಶ್ರುತಿಯೊಳಗೆ ಅಡಗಿದ ಕೂಗು

ಇದನ್ನು ಹಿಡಿಯುವುದು ಬಹಳ ಕಷ್ಟ. ಭಾಗವತರು ಕಪ್ಪು ಒಂದರಲ್ಲಿ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿಯಲ್ಲಿ) ಹಾಡುತ್ತಿದ್ದಾರೆ ಅಂದುಕೊಳ್ಳಿ. ಅದರ ಷಡ್ಜ ಸುಮಾರು 277 ಹರ್ಟ್ಜ್. ಶ್ರುತಿ ಪೆಟ್ಟಿಗೆ ಅದನ್ನೇ ಎಡೆಬಿಡದೆ ಮೈಕಿಗೆ ಊದುತ್ತಿದೆ. ಹಾಲ್ ಕೂಡ ಅಲ್ಲೇ ಕೂಗಲು ತಯಾರಿದ್ದರೆ, ಎರಡೂ ಒಂದರೊಳಗೊಂದು ಬೆರೆತು ಯಾರಿಗೂ ಗೊತ್ತಾಗದ ಹಾಗೆ ಬೆಳೆಯುತ್ತದೆ. ಶ್ರುತಿ ಯಾಕೋ ಜೋರಾಯಿತು ಅನ್ನಿಸುತ್ತದೆ ಅಷ್ಟೇ. ಶ್ರುತಿ ಪೆಟ್ಟಿಗೆ ಒಂದು ಕ್ಷಣ ನಿಲ್ಲಿಸಿದ ಮೇಲೂ ಹಾಲ್‌ನಲ್ಲಿ ಆ ಸ್ವರ ತೂಗುತ್ತಲೇ ಇದ್ದರೆ ಅದು ಫೀಡ್‌ಬ್ಯಾಕ್. 277 ಹರ್ಟ್ಜ್ ಬೀಳುವುದು 250 ಮತ್ತು 315ರ ಬ್ಯಾಂಡುಗಳ ನಡುವೆ. ಎರಡನ್ನೂ ಎರಡೆರಡು ಡೆಸಿಬೆಲ್ ಇಳಿಸಿ, ಶ್ರುತಿ ಪೆಟ್ಟಿಗೆಯನ್ನು ಭಾಗವತರ ಮೈಕಿಂದ ದೂರ ಸರಿಸಿ. ಎಲೆಕ್ಟ್ರಾನಿಕ್ ಶ್ರುತಿಯಾದರೆ ಅದರ ವೈರನ್ನು ನೇರ ಮಿಕ್ಸರ್‌ಗೇ ಕೊಡಿ.

ತಾನಾಗಿಯೇ ಫೀಡ್‌ಬ್ಯಾಕ್ ಹುಡುಕಿ ಕತ್ತರಿಸುವ ಯಂತ್ರ ಈಗ ಸಣ್ಣ ಮಿಕ್ಸರ್‌ಗಳಲ್ಲೂ ಬರುತ್ತಿದೆ. ಭಾಷಣಕ್ಕೆ ಪರವಾಗಿಲ್ಲ. ಆದರೆ ಎಡೆಬಿಡದೆ ನಿಲ್ಲುವ ಒಂದೇ ಸ್ವರ ಅಂದರೆ ಅದಕ್ಕೆ ಫೀಡ್‌ಬ್ಯಾಕೇ. ಶ್ರುತಿಯನ್ನೂ, ಕೊಳಲಿನ ನೀಳ ಸ್ವರವನ್ನೂ, ಭಾಗವತರು ಎಳೆದು ನಿಲ್ಲಿಸಿದ ಷಡ್ಜವನ್ನೂ ಅದು ಕೂಗು ಅಂದುಕೊಂಡು ಕತ್ತರಿಸುತ್ತಾ ಹೋಗುತ್ತದೆ. ಪದ ಶುರುವಾಗುವ ಮುಂಚೆ ಅದನ್ನು ಆಫ್ ಮಾಡಿ.